ಹಿತ್ತಲ ಗಿಡವೂ ಅಂತರ್ಜಾಲವೂ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಕನ್ನಡ ನಾಡಿನ ಹಳೆಯ ಮಾತು. ಅರಿವಿಗೆ ಎರಡು ಬಾಗಿಲುಗಳುಂಟು. ಕಣ್ಣಾರೆ ಕಂಡು ತಿಳಿಯುವುದು ಒಂದು, ಬಲ್ಲವರು ಬರೆದಿಟ್ಟುದನ್ನು ಓದಿ ತಿಳಿಯುವುದು ಇನ್ನೊಂದು ಎಂದು ಈ ಮಾತು ಸಾರುತ್ತದೆ. ಹಿಂದೆ ಈ ಎರಡು ಬಾಗಿಲುಗಳೂ ಎಲ್ಲರಿಗೂ ತೆರೆದಿರಲಿಲ್ಲ. ದೇಶ ಸುತ್ತಲು ಹಣ ಬೇಕಾಗಿತ್ತು, ಕೋಶ ಓದಲು ಗ್ರಂಥಾಲಯ ಬೇಕಾಗಿತ್ತು. ಹಳ್ಳಿಯ ಪ್ರಾಥಮಿಕ ಶಾಲೆಯ ಮಗುವಿಗೆ ದೊರೆಯುತ್ತಿದ್ದುದು ಒಂದು ಪಠ್ಯಪುಸ್ತಕ, ಒಂದು ಕರಿಹಲಗೆ ಮತ್ತು ಒಬ್ಬ ಉಪಾಧ್ಯಾಯರು ಮಾತ್ರ. ಇಂದು ಅಂತರ್ಜಾಲವು ದೇಶವನ್ನೂ ಕೋಶವನ್ನೂ ಒಂದೇ ತೆರೆಯ ಮೇಲೆ ತಂದು ನಿಲ್ಲಿಸಿದೆ. ಇದನ್ನು ಎಳೆಯ ಮಕ್ಕಳ ತರಗತಿಯೊಳಕ್ಕೆ ಬರಮಾಡಿಕೊಳ್ಳಬೇಕೆ, ಬರಮಾಡಿಕೊಂಡರೆ ಯಾವ ಸ್ಥಾನದಲ್ಲಿ ಕುಳ್ಳಿರಿಸಬೇಕು ಎಂಬುದು ಶಿಕ್ಷಣದಲ್ಲಿ ಆಸಕ್ತಿಯುಳ್ಳವರೆಲ್ಲರೂ ಯೋಚಿಸಬೇಕಾದ ವಿಷಯವಾಗಿದೆ.

ಇಂತಹ ವಿಷಯವನ್ನು ಒಂದು ಊರನ್ನು ಕಣ್ಣಮುಂದೆ ಇಟ್ಟುಕೊಂಡು ವಿಚಾರ ಮಾಡುವುದು ಮೇಲು. ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಅಂತಹ ಒಂದು ಊರು. ಬೆಂಗಳೂರಿನ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವಿರುವುದು ಈ ತಾಲ್ಲೂಕಿನಲ್ಲಿಯೇ. ಊರಿನ ಬಳಿ ಸುಮಾರು 54 ಎಕರೆಗಳಷ್ಟು ವಿಸ್ತಾರವಾದ ಹುಣಸೆಯ ತೋಪಿದೆ. ಅದರಲ್ಲಿ ಮುನ್ನೂರರ ಸಂಖ್ಯೆಗೆ ಸಮೀಪವಾಗಿ ಹಳೆಯ ಹುಣಸೆಮರಗಳಿವೆ. ಗಂಟುಗಂಟಾಗಿ ತಿರುಚಿಕೊಂಡ ಕಾಂಡಗಳು, ಆಳವಾದ ಪೊಟರೆಗಳು, ಮರಗಳ ನಡುವೆ ಹಳೆಯ ಗುಡಿಗಳ ಅವಶೇಷಗಳು ಇವೆಲ್ಲವೂ ಸೇರಿ ಆ ತೋಪಿಗೆ ಒಂದು ಗಾಂಭೀರ್ಯವನ್ನು ತಂದುಕೊಟ್ಟಿವೆ. 2002ರ ಜೈವಿಕ ವೈವಿಧ್ಯ ಕಾಯಿದೆಯಂತೆ 2007ರಲ್ಲಿ ಕರ್ನಾಟಕ ಸರ್ಕಾರವು ಇದನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿತು. ಇಡೀ ಭಾರತದಲ್ಲಿ ಈ ಗೌರವವನ್ನು ಪಡೆದ ಮೊದಲ ತಾಣ ನಲ್ಲೂರಿನ ತೋಪು. ಆ ಊರಿನ ಮಗುವಿನ ಒಂದು ಕಡೆಗೆ ಶತಮಾನಗಳನ್ನು ಕಂಡ ಮರಗಳಿವೆ. ಇನ್ನೊಂದು ಕಡೆಗೆ ಜಗತ್ತನ್ನೆಲ್ಲ ತೋರಿಸುವ ತೆರೆಯಿದೆ. ಈ ಎರಡರ ನಡುವೆ ಕುಳಿತ ಮಗುವಿಗೆ ಯಾವುದು ಪಾಠವಾಗಬೇಕು?

ಹೊಸ ಉಪಕರಣವೊಂದು ಶಾಲೆಯ ಬಾಗಿಲಿಗೆ ಬಂದು ನಿಂತುದು ಇದೇ ಮೊದಲಲ್ಲ. 1975ರ ಆಗಸ್ಟ್ ತಿಂಗಳಿನಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ದೂರದರ್ಶನ ಶಿಕ್ಷಣದ ಪ್ರಯೋಗವು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಡೆಯಿತು. ಕರ್ನಾಟಕದಲ್ಲಿ ಅಂದಿನ ಬಿಜಾಪುರ, ಗುಲ್ಬರ್ಗ ಮತ್ತು ರಾಯಚೂರು ಜಿಲ್ಲೆಗಳು ಇದರಲ್ಲಿ ಸೇರಿದ್ದುವು. ವಿದ್ಯುಚ್ಛಕ್ತಿಯೇ ಅಪರೂಪವಾಗಿದ್ದ ಹಳ್ಳಿಗಳಲ್ಲಿ ಮಕ್ಕಳು ಬೆಳಗಿನ ಹೊತ್ತು ಚಲಿಸುವ ಚಿತ್ರಗಳನ್ನು ಕಂಡು ಬೆರಗಾದರು. ಆದರೆ ಬೇರೆ ದೇಶದಿಂದ ಎರವಲಾಗಿ ಬಂದಿದ್ದ ಉಪಗ್ರಹವು ವರ್ಷ ತುಂಬಿದೊಡನೆ ಹೊರಟುಹೋಯಿತು. 2004ರಲ್ಲಿ ಶಿಕ್ಷಣಕ್ಕಾಗಿಯೇ ಭಾರತವು ಎಜುಸ್ಯಾಟ್ ಎಂಬ ಉಪಗ್ರಹವನ್ನು ಹಾರಿಸಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರ ಪಾಠಗಳು ತಲುಪಿದುವು. ಅದರ ಆಯುಸ್ಸೂ ಮುಗಿಯಿತು. ಉಪಕರಣಗಳು ಬರುತ್ತವೆ, ಹೋಗುತ್ತವೆ. ಅವು ಹೋದ ಮೇಲೆ ಮಗುವಿನಲ್ಲಿ ಏನು ಉಳಿಯಿತು ಎಂಬುದೇ ಅವುಗಳ ಬೆಲೆಯನ್ನು ಅಳೆಯುವ ಒರೆಗಲ್ಲು. ಅಂತರ್ಜಾಲವನ್ನೂ ಈ ಒರೆಗಲ್ಲಿಗೆ ಹಚ್ಚಿಯೇ ನೋಡಬೇಕು.

ಅಂತರ್ಜಾಲದ ಉಪಕಾರವನ್ನು ಅಲ್ಲಗಳೆಯುವುದು ಸಾಧ್ಯವಿಲ್ಲ. ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಹೊರತಂದುದು ಕನ್ನಡದ ಮಕ್ಕಳಿಗೆ ಜಗತ್ತಿನ ಪರಿಚಯವಾಗಲಿ ಎಂದು. ಮುಂದೆ ನಿರಂಜನರ ಸಂಪಾದಕತ್ವದಲ್ಲಿ ‘ಜ್ಞಾನಗಂಗೋತ್ರಿ’ಯ ಏಳು ಸಂಪುಟಗಳು ಬಂದುದೂ ಇದೇ ಹಂಬಲದಿಂದ. ಇಂತಹ ಗ್ರಂಥಗಳನ್ನು ಕೊಳ್ಳುವ ಶಕ್ತಿ ಎಷ್ಟು ಹಳ್ಳಿಯ ಶಾಲೆಗಳಿಗಿತ್ತು? ಇಂದು ಆ ಅಡಚಣೆ ಬಹಳ ಮಟ್ಟಿಗೆ ದೂರವಾಗಿದೆ. ಗಣಕಯಂತ್ರಗಳು ಜಗತ್ತಿನ ಲಿಪಿಗಳನ್ನು ಗುರುತಿಸಲು ಬಳಸುವ ಯೂನಿಕೋಡ್ ಸಂಕೇತವ್ಯವಸ್ಥೆಯಲ್ಲಿ 1991ರಲ್ಲಿಯೇ ಕನ್ನಡಕ್ಕೆ ಎಡೆ ದೊರೆತುದರಿಂದ ಕನ್ನಡದ ಬರಹವು ಜಗತ್ತಿನ ಯಾವ ಮೂಲೆಯಲ್ಲಿಯೂ ಓದಲು ಬರುವಂತಾಯಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಮೈಸೂರು ವಿಶ್ವವಿದ್ಯಾನಿಲಯವು ತನ್ನ ಕನ್ನಡ ವಿಶ್ವಕೋಶದ ಕೆಲವು ಸಂಪುಟಗಳನ್ನು 2014ರಲ್ಲಿ ಎಲ್ಲರೂ ಮುಕ್ತವಾಗಿ ಬಳಸಲು ಬಿಟ್ಟುಕೊಟ್ಟಿತು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ಯಲ್ಲಿ 2016ರಿಂದ ನಿಘಂಟುಗಳು ದೊರೆಯುತ್ತಿವೆ. 2017ರಲ್ಲಿ ಆರಂಭವಾದ ‘ದೀಕ್ಷಾ’ ಎಂಬ ವೇದಿಕೆಯಲ್ಲಿ ಪಾಠಗಳಿಗೆ ಸಂಬಂಧಿಸಿದ ದೃಶ್ಯಗಳೂ ಅಭ್ಯಾಸಗಳೂ ಇವೆ. ಪಠ್ಯಪುಸ್ತಕದ ಪುಟಗಳಲ್ಲಿ ಕಾಣುವ ಕಪ್ಪು ಬಿಳುಪಿನ ಚೌಕದ ಗುರುತು ಅಲ್ಲಿಗೆ ಕೊಂಡೊಯ್ಯುವ ಕೀಲಿಕೈ. ಬಡ ಶಾಲೆಯ ಮಗುವಿಗೆ ಇದು ಬಯಸದೆ ಬಂದ ಭಾಗ್ಯ.

ಹೀಗಿದ್ದರೂ ಎಳೆಯ ಮಕ್ಕಳಿಗೆ ತೆರೆಯ ಸಹವಾಸವೇ ಬೇಡವೆನ್ನುವವರಿದ್ದಾರೆ. ಅವರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 2020ರಲ್ಲಿ ಕೋವಿಡ್ ರೋಗದ ಭೀತಿಯಿಂದ ಶಾಲೆಗಳು ಮುಚ್ಚಿದಾಗ ಈ ಚರ್ಚೆ ಕರ್ನಾಟಕದಲ್ಲಿಯೇ ಬಲವಾಗಿ ನಡೆಯಿತು. ಆ ವರ್ಷದ ಜೂನ್ ತಿಂಗಳಿನಲ್ಲಿ ಸರ್ಕಾರವು ಕಿರಿಯ ತರಗತಿಗಳ ಮಕ್ಕಳಿಗೆ ಅಂತರ್ಜಾಲದ ಮೂಲಕ ತರಗತಿ ನಡೆಸಬಾರದೆಂದು ಆಜ್ಞೆ ಮಾಡಿತು. ಪೋಷಕರು ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. ಜುಲೈ 8ರಂದು ನ್ಯಾಯಾಲಯವು ಶಿಕ್ಷಣದ ಹಕ್ಕನ್ನು ಎತ್ತಿಹಿಡಿದು ಆ ಆಜ್ಞೆಗೆ ತಡೆ ನೀಡಿತು. ಎಳೆಯರ ಕಣ್ಣನ್ನೂ ಮನಸ್ಸನ್ನೂ ಕಾಪಾಡಬೇಕೆಂಬ ಕಳಕಳಿ ಒಂದು ಕಡೆಗಿತ್ತು. ಕಲಿಕೆ ನಿಲ್ಲಬಾರದೆಂಬ ಕಳಕಳಿ ಇನ್ನೊಂದು ಕಡೆಗಿತ್ತು. ಎರಡರಲ್ಲಿಯೂ ನ್ಯಾಯವಿತ್ತು.

ಆದರೆ ಈ ವಾದವಿವಾದದ ಹೊರಗೆ ಉಳಿದವರು ಬಹಳ ಮಂದಿ. ಮನೆಯಲ್ಲಿ ಸ್ಮಾರ್ಟ್‌ಫೋನ್ ಇಲ್ಲದ ಮಗುವಿಗೆ ತರಗತಿಯನ್ನು ನಿಷೇಧಿಸಿದರೂ ಒಂದೇ, ನಡೆಸಿದರೂ ಒಂದೇ. ಆಗಸ್ಟ್ ತಿಂಗಳಿನಲ್ಲಿ ‘ವಿದ್ಯಾಗಮ’ ಎಂಬ ಯೋಜನೆ ಆರಂಭವಾಯಿತು. ಉಪಾಧ್ಯಾಯರೇ ಮಕ್ಕಳಿದ್ದಲ್ಲಿಗೆ ಹೋಗಿ ದೇವಾಲಯದ ಅಂಗಳದಲ್ಲಿ, ಸಮುದಾಯ ಭವನದಲ್ಲಿ, ಮರದ ನೆರಳಿನಲ್ಲಿ ಪಾಠ ಹೇಳಿದರು. ಸೋಂಕಿನ ಆತಂಕದಿಂದ ಅಕ್ಟೋಬರ್‌ನಲ್ಲಿ ನಿಂತು, 2021ರ ಜನವರಿಯಲ್ಲಿ ಅದು ಮತ್ತೆ ಮುಂದುವರಿಯಿತು. ಜಗತ್ತೆಲ್ಲ ತೆರೆಯ ಕಡೆಗೆ ಓಡುತ್ತಿದ್ದಾಗ ಕನ್ನಡ ನಾಡಿನ ಹಳ್ಳಿಯ ಮಕ್ಕಳಿಗೆ ಮರದ ನೆರಳೇ ಶಾಲೆಯಾಯಿತು. ಉಪಕರಣವು ಕೈಕೊಟ್ಟಾಗಲೂ ಕೈಬಿಡದೆ ಉಳಿಯುವವರು ಉಪಾಧ್ಯಾಯರು ಎಂಬುದು ಆ ಸಂಕಟದ ಕಾಲವು ಕಲಿಸಿದ ಪಾಠ.

ಹಾಗಾದರೆ ಅಂತರ್ಜಾಲದ ಸ್ಥಾನ ಯಾವುದು? ದೂರದಲ್ಲಿರುವುದನ್ನು ಹತ್ತಿರ ತರುವುದು, ಕಣ್ಣಿಗೆ ಕಾಣದಷ್ಟು ಸಣ್ಣದನ್ನು ದೊಡ್ಡದು ಮಾಡಿ ತೋರಿಸುವುದು, ಬಹಳ ನಿಧಾನವಾಗಿ ನಡೆಯುವುದನ್ನು ಕ್ಷಣಮಾತ್ರದಲ್ಲಿ ಕಾಣಿಸುವುದು ಅದರ ಕೆಲಸ. ಹತ್ತಿರದಲ್ಲಿರುವುದನ್ನು ಮರೆಸುವುದು ಅದರ ಕೆಲಸವಲ್ಲ. ಬಯಲುಸೀಮೆಯ ಮಗುವಿಗೆ ಸಮುದ್ರದ ಅಲೆಯನ್ನೂ ತಿಮಿಂಗಿಲವನ್ನೂ ಹಿಮಾಲಯದ ನೀರ್ಗಲ್ಲನ್ನೂ ತೋರಿಸಲು ಅಂತರ್ಜಾಲಕ್ಕಿಂತ ಉತ್ತಮವಾದ ಸಾಧನವಿಲ್ಲ. ಆದರೆ ನಲ್ಲೂರಿನ ಮಗುವಿಗೆ ಹುಣಸೆಮರವನ್ನು ತೆರೆಯ ಮೇಲೆ ತೋರಿಸಿ ಪಾಠ ಮುಗಿಸಿದರೆ ಅದಕ್ಕಿಂತ ವ್ಯರ್ಥವಾದ ಕೆಲಸ ಮತ್ತೊಂದಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯು ಹತ್ತಿರದ್ದನ್ನು ಕಡೆಗಣಿಸುವ ಮನುಷ್ಯಸ್ವಭಾವವನ್ನು ಹಳಿಯುತ್ತದೆ. ಅಂತರ್ಜಾಲವು ಈ ಸ್ವಭಾವಕ್ಕೆ ನೀರೆರೆದು ಬೆಳೆಸುವ ಅಪಾಯವಿದೆ. ದೂರದ ಬೇರೊಂದು ಖಂಡದ ದೈತ್ಯವೃಕ್ಷದ ಎತ್ತರವನ್ನು ಬಲ್ಲ ಬಾಲಕನಿಗೆ ಊರ ತೋಪಿನ ಮರ ಯಾವ ತಿಂಗಳಲ್ಲಿ ಹೂಬಿಡುತ್ತದೆಂಬುದು ತಿಳಿಯದಿದ್ದರೆ ಆ ಅರಿವಿಗೆ ಬೇರಿಲ್ಲ.

ಮರವೂ ತೆರೆಯೂ ಒಂದಕ್ಕೊಂದು ಹಗೆಯಾಗಬೇಕಾಗಿಲ್ಲ. ಹುಣಸೆಯ ಎಲೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ ಒಂದೊಂದು ಎಲೆಯಲ್ಲಿಯೂ ಜೋಡಿಜೋಡಿಯಾಗಿ ಹಲವು ಕಿರುಎಲೆಗಳಿರುತ್ತವೆ. ಹಗಲು ಬಿಚ್ಚಿಕೊಂಡಿರುವ ಅವು ಸಂಜೆಯಾಗುತ್ತಲೂ ಮುಚ್ಚಿಕೊಳ್ಳುತ್ತವೆ. ಇದು ಎಷ್ಟು ನಿಧಾನವಾಗಿ ನಡೆಯುತ್ತದೆಯೆಂದರೆ ಮರದ ಕೆಳಗೆ ನಿಂತವರಿಗೂ ಚಲನೆ ಕಾಣುವುದಿಲ್ಲ. ಉಪಾಧ್ಯಾಯರು ಮಕ್ಕಳಿಗೆ ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಒಂದೇ ಕೊಂಬೆಯನ್ನು ನೋಡಿ ಚಿತ್ರ ಬರೆದುಕೊಂಡು ಬರಲು ಹೇಳುತ್ತಾರೆನ್ನೋಣ. ಮಾರನೆಯ ದಿನ ಎರಡು ಚಿತ್ರಗಳೂ ಬೇರೆಯಾಗಿರುವುದನ್ನು ಕಂಡು ಮಕ್ಕಳು ಅಚ್ಚರಿಪಡುತ್ತಾರೆ. ಆಗ ಎಲೆಗಳು ಮುಚ್ಚಿಕೊಳ್ಳುವುದನ್ನು ವೇಗವಾಗಿ ತೋರಿಸುವ ದೃಶ್ಯವೊಂದನ್ನು ತೆರೆಯ ಮೇಲೆ ತೋರಿಸಿದರೆ ಒಂದು ಸಂಜೆಯ ಸಂಗತಿಯೆಲ್ಲ ಅರ್ಧ ನಿಮಿಷದಲ್ಲಿ ಕಣ್ಣಿಗೆ ಕಟ್ಟುತ್ತದೆ. ಬೇರೆ ಯಾವ ಗಿಡಗಳು ಹೀಗೆ ಮಾಡುತ್ತವೆ ಎಂಬ ಪ್ರಶ್ನೆ ಹುಟ್ಟುತ್ತದೆ. ಉತ್ತರಕ್ಕಾಗಿ ಮಕ್ಕಳು ಮತ್ತೆ ಹಿತ್ತಲಿಗೆ ಓಡುತ್ತಾರೆ. ಮೊದಲು ಮರ, ನಡುವೆ ತೆರೆ, ಕೊನೆಗೆ ಮತ್ತೆ ಮರ. ಪ್ರಾಥಮಿಕ ತರಗತಿಯಲ್ಲಿ ಈ ಅನುಕ್ರಮ ತಪ್ಪಬಾರದು. ಹಿಂದಿನ ಕಾಲದಲ್ಲಿ ಹುಣಸೆಮರದಿಂದ ಶಾಲೆಯೊಳಕ್ಕೆ ಬರುತ್ತಿದ್ದ ಬೋಧನೋಪಕರಣವೆಂದರೆ ಹುಣಸೆಯ ಬರಲು ಒಂದೇ ಎಂದು ಹಿರಿಯರು ನಗೆಯಾಡುವುದುಂಟು. ಅದಕ್ಕಿಂತ ಒಳ್ಳೆಯ ಉಪಕರಣಗಳು ಆ ಮರದಲ್ಲಿ ಎಷ್ಟೋ ಇವೆ.

ಎರಡನೆಯ ಎಚ್ಚರಿಕೆ ಸತ್ಯಾಸತ್ಯಗಳಿಗೆ ಸಂಬಂಧಿಸಿದುದು. ಅಚ್ಚಾದ ಪಠ್ಯಪುಸ್ತಕವನ್ನು ಹಲವರು ತಿದ್ದಿ ಪರಿಶೀಲಿಸಿರುತ್ತಾರೆ. ಅಂತರ್ಜಾಲದಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಬರೆಯಬಹುದು. ಒಬ್ಬರು ಬರೆದುದನ್ನು ನೂರು ಮಂದಿ ನಕಲು ಮಾಡಬಹುದು. ನೂರು ಕಡೆ ಕಂಡಿತೆಂದ ಮಾತ್ರಕ್ಕೆ ಒಂದು ಮಾತು ನಿಜವಾಗುವುದಿಲ್ಲ. ನಲ್ಲೂರಿನ ತೋಪಿನ ವಿಷಯದಲ್ಲಿಯೇ ಇದಕ್ಕೆ ನಿದರ್ಶನವಿದೆ. ಈ ತೋಪು ಚೋಳರ ಕಾಲದ್ದು, ಎಂಟುನೂರು ವರ್ಷಗಳಷ್ಟು ಹಳೆಯದು ಎಂದು ಹಲವು ಪುಟಗಳಲ್ಲಿ ಬರೆದಿದೆ. ಇಂಗಾಲದ ಪರೀಕ್ಷೆಯಿಂದ ಒಂದು ಮರದ ವಯಸ್ಸು ನಾನೂರು ವರ್ಷಗಳಿಗೂ ಮಿಕ್ಕಿದೆಯೆಂದು ತಿಳಿದುಬಂದಿತೆಂಬ ಮಾತೂ ಅವೇ ಪುಟಗಳಲ್ಲಿದೆ. ನಾನೂರೋ ಎಂಟುನೂರೋ ಎಂದು ಮಗು ಕೇಳಿದರೆ ಆ ಪ್ರಶ್ನೆಯೇ ಒಂದು ಅಮೂಲ್ಯವಾದ ಪಾಠಕ್ಕೆ ಪೀಠಿಕೆಯಾಗುತ್ತದೆ.

ಒಂದು ಮರದ ವಯಸ್ಸು ಬೇರೆ, ತೋಪಿನ ವಯಸ್ಸು ಬೇರೆ. ಹಳೆಯ ಮರ ಬಿದ್ದ ಜಾಗದಲ್ಲಿ ಹೊಸದು ಬೆಳೆದರೆ ತೋಪು ಮರಕ್ಕಿಂತ ಹಿರಿದಾಗಿರಬಹುದು. ಕಾಂಡದ ನಡುಭಾಗವೇ ಅತ್ಯಂತ ಹಳೆಯದು. ಅದು ಪೊಟರೆಯಾಗಿ ಕರಗಿಹೋಗಿದ್ದರೆ ಉಳಿದ ಭಾಗವನ್ನು ಪರೀಕ್ಷಿಸಿದಾಗ ನಿಜವಾದ ವಯಸ್ಸಿಗಿಂತ ಕಡಿಮೆ ಬರುವುದೂ ಸಾಧ್ಯ. ಇನ್ನು ಚೋಳರ ಮಾತು. ಹೊಯ್ಸಳ ವಿಷ್ಣುವರ್ಧನನು ತಲಕಾಡನ್ನು ಗೆದ್ದು ಗಂಗವಾಡಿಯಲ್ಲಿ ಚೋಳರ ಆಳ್ವಿಕೆಯನ್ನು ಕೊನೆಗೊಳಿಸಿದುದು 12ನೆಯ ಶತಮಾನದ ಆರಂಭದಲ್ಲಿ. ಅಂದಿನಿಂದ ಇಂದಿಗೆ ಲೆಕ್ಕ ಹಾಕಿದರೆ ಒಂಬೈನೂರು ವರ್ಷಗಳಾಗುತ್ತವೆ. ಚೋಳರ ಕಾಲ ಎಂಬುದಕ್ಕೂ ಎಂಟುನೂರು ವರ್ಷ ಎಂಬುದಕ್ಕೂ ನಡುವೆ ಒಂದು ಶತಮಾನದಷ್ಟು ಅಂತರ ಬೀಳುತ್ತದೆ. ಏಳನೆಯ ತರಗತಿಯ ಮಗುವೂ ಕಳೆಯುವ ಲೆಕ್ಕದಿಂದ ಇದನ್ನು ಕಂಡುಕೊಳ್ಳಬಲ್ಲುದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ಪ್ರತ್ಯಕ್ಷವಾಗಿ ಕಂಡುದಕ್ಕೇ ಇಷ್ಟು ಎಚ್ಚರ ಬೇಕಾದರೆ ತೆರೆಯ ಮೇಲೆ ಕಂಡುದಕ್ಕೆ ಎಷ್ಟು ಬೇಡ? ಬರೆದವರು ಯಾರು, ಅವರಿಗೆ ಹೇಗೆ ತಿಳಿಯಿತು, ಬೇರೆಯವರು ಏನು ಹೇಳುತ್ತಾರೆ ಎಂಬ ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸವು ಎಳವೆಯಲ್ಲಿಯೇ ಬೇರೂರಬೇಕು.

ಮೂರನೆಯದು ಭಾಷೆಯ ವಿಚಾರ. ಕನ್ನಡ ವಿಕಿಪೀಡಿಯದ ಲೇಖನಗಳ ಸಂಖ್ಯೆ 30,000ವನ್ನು ದಾಟಿದೆ. ಇಂಗ್ಲಿಷಿನಲ್ಲಿ ಅದು 2025ರಲ್ಲಿ 70 ಲಕ್ಷವನ್ನು ಮುಟ್ಟಿತು. ಸಂಖ್ಯೆಗಿಂತಲೂ ಮುಖ್ಯವಾದುದು ಅದರ ಹಿಂದಿರುವ ಕೊರತೆ. ಹುಣಸೆಯ ಮೂಲ ಆಫ್ರಿಕ ಖಂಡವೆಂಬುದು ಅಂತರ್ಜಾಲದಲ್ಲಿ ಕ್ಷಣಮಾತ್ರದಲ್ಲಿ ದೊರೆಯುತ್ತದೆ. ಹುಣಸೆಯ ಚಿಗುರಿನಿಂದ ಸಾರು ಮಾಡುವ ಬಗೆ, ಕಾಯಿಗೂ ಹಣ್ಣಿಗೂ ನಡುವಿನ ಸ್ಥಿತಿಗೆ ದೋರೆಗಾಯಿ ಎನ್ನುವ ಮಾತಿನ ಸೊಗಸು, ಬೀಜವನ್ನು ಒಂದು ಮಗ್ಗುಲು ತೇದು ಚೌಕಾಬಾರದ ಆಟಕ್ಕೆ ಕವಡೆಯಂತೆ ಬಳಸುವ ಜಾಣ್ಮೆ ಇವೆಲ್ಲವೂ ಅಜ್ಜಿಯರ ಬಾಯಲ್ಲಿ ಮಾತ್ರ ಉಳಿದಿವೆ. ಹುಣಸೆ ಮುಪ್ಪಾದರೂ ಹುಳಿ ಮುಪ್ಪೆ ಎಂಬುದು ಗಾದೆ. ಮರದ ಹುಳಿಗೆ ಮುಪ್ಪಿಲ್ಲದಿರಬಹುದು. ಆದರೆ ಮಾತನ್ನು ಬಲ್ಲವರಿಗೆ ಮುಪ್ಪುಂಟು. ಅವರು ಇಲ್ಲವಾದ ಮೇಲೆ ಆ ಅರಿವನ್ನು ಯಾವ ಯಂತ್ರದಲ್ಲಿ ಹುಡುಕಿದರೂ ದೊರೆಯುವುದಿಲ್ಲ. ಏಕೆಂದರೆ ಯಾರೂ ಅದನ್ನು ಅಲ್ಲಿಗೆ ಸೇರಿಸಿಲ್ಲ.

ಇಲ್ಲಿಯೇ ಪ್ರಾಥಮಿಕ ಶಾಲೆಗೆ ಒಂದು ದೊಡ್ಡ ಕರ್ತವ್ಯ ಕಾದಿದೆ. ಅಂತರ್ಜಾಲದಿಂದ ಪಡೆಯುವುದು ಮಾತ್ರವಲ್ಲದೆ ಅದಕ್ಕೆ ಕೊಡುವುದನ್ನೂ ಮಕ್ಕಳು ಕಲಿಯಬೇಕು. ಹಿಂದೆ ಒಳ್ಳೆಯ ಶಾಲೆಗಳಲ್ಲಿ ಕೈಬರಹದ ಪತ್ರಿಕೆಗಳೂ ಗೋಡೆಪತ್ರಿಕೆಗಳೂ ಇರುತ್ತಿದ್ದುವು. ತನ್ನ ಬರಹವನ್ನು ಬೇರೊಬ್ಬರು ಓದುತ್ತಾರೆಂಬ ಅರಿವು ಮಗುವಿನ ಅಕ್ಷರವನ್ನೂ ವಾಕ್ಯವನ್ನೂ ತಿದ್ದುತ್ತಿತ್ತು. ಅದೇ ಪತ್ರಿಕೆ ಇಂದು ತರಗತಿಯ ಜಾಲಪುಟವಾಗಬಹುದು. ತೋಪಿನ ಪ್ರತಿಯೊಂದು ಮರಕ್ಕೂ ಒಂದು ಸಂಖ್ಯೆ ಕೊಟ್ಟು, ನೆಲದಿಂದ 137 ಸೆಂಟಿಮೀಟರ್ ಎತ್ತರದಲ್ಲಿ ದಾರ ಸುತ್ತಿ ಅದರ ಸುತ್ತಳತೆಯನ್ನು ಬರೆದಿಡುವುದು ಗಣಿತದ ಪಾಠ. ಯಾವ ಹಕ್ಕಿ ಯಾವ ಪೊಟರೆಯಲ್ಲಿ ಗೂಡು ಮಾಡಿದೆಯೆಂದು ಗುರುತಿಸುವುದು ವಿಜ್ಞಾನದ ಪಾಠ. ಹಿರಿಯರನ್ನು ಕೇಳಿ ಬರೆದುಕೊಳ್ಳುವುದು ಭಾಷೆಯ ಪಾಠ. ಜೈವಿಕ ವೈವಿಧ್ಯ ಕಾಯಿದೆಯ ಆಶಯದಂತೆ ಊರೂರಿನಲ್ಲಿಯೂ ಜನರ ಅರಿವನ್ನು ದಾಖಲೆ ಮಾಡುವ ಪುಸ್ತಕವೊಂದು ಇರಬೇಕಾಗಿದೆ. ಮಕ್ಕಳ ಬರಹವು ಅದಕ್ಕೂ ನೆರವಾದೀತು. ಐದು ವರ್ಷಗಳ ಬಳಿಕ ಒಂದು ಮರ ಸೊರಗಿದರೆ ಅದು ಸೊರಗಿತೆಂದು ಅಳತೆಯ ಆಧಾರದಿಂದ ಹೇಳುವವರು ಆ ಮಕ್ಕಳೇ ಆಗುತ್ತಾರೆ. ಆದರೆ ಜಾಲಪುಟದಲ್ಲಿ ಮರದ ಚಿತ್ರವಿರಲಿ, ಮಗುವಿನ ಭಾವಚಿತ್ರವೂ ಮನೆಯ ವಿಳಾಸವೂ ಬೇಡ. ಮಕ್ಕಳ ವೈಯಕ್ತಿಕ ಮಾಹಿತಿಯನ್ನು ಬಳಸಲು ಪೋಷಕರ ಒಪ್ಪಿಗೆ ಬೇಕೆಂದು 2023ರ ಕಾಯಿದೆಯೊಂದು ವಿಧಿಸಿದೆ. ಕಾಯಿದೆ ಇರಲಿ, ಇಲ್ಲದಿರಲಿ, ವಿವೇಕವೂ ಇದನ್ನೇ ಹೇಳುತ್ತದೆ.

ಇದೆಲ್ಲಕ್ಕೂ ಸಲಕರಣೆ ಎಲ್ಲಿದೆ ಎಂದು ಕೇಳುವವರುಂಟು. ಪ್ರಶ್ನೆ ಸರಿಯಾದುದೇ. ಸರ್ಕಾರದ ಅಂಕಿಅಂಶಗಳ ಪ್ರಕಾರ 2021-22ರಲ್ಲಿ ದೇಶದ ನೂರು ಶಾಲೆಗಳಲ್ಲಿ ಸುಮಾರು 34ರಲ್ಲಿ ಮಾತ್ರ ಅಂತರ್ಜಾಲದ ಸೌಲಭ್ಯವಿತ್ತು. 2023-24ರಲ್ಲಿ ಅದು ಸುಮಾರು 54ಕ್ಕೆ ಏರಿತು. ಉಳಿದ ಶಾಲೆಗಳಿಗೂ ಅದು ದೊರೆಯುವಂತೆ ಮಾಡುವುದು ಸಮಾಜದ ಹೊಣೆ. ಸೌಲಭ್ಯವಿದ್ದ ಮಕ್ಕಳು ಮುಂದೆ ಸಾಗಿ ಇಲ್ಲದವರು ಹಿಂದೆ ಉಳಿದರೆ ವಿದ್ಯೆಯೇ ಹೊಸದೊಂದು ಮೇಲುಕೀಳನ್ನು ಸೃಷ್ಟಿಸಿದಂತಾಗುತ್ತದೆ. ಆದರೂ ಪ್ರಾಥಮಿಕ ತರಗತಿಯಲ್ಲಿ ಪ್ರತಿಯೊಂದು ಮಗುವಿನ ಕೈಗೂ ಒಂದು ಯಂತ್ರವನ್ನು ಕೊಡಬೇಕಾದ ಅಗತ್ಯವಿಲ್ಲ. ಇಡೀ ತರಗತಿಗೆ ಒಂದು ತೆರೆ ಸಾಕು. ಉಪಾಧ್ಯಾಯರು ಮೊದಲೇ ಹುಡುಕಿ, ತಾವು ಪೂರ್ತಿಯಾಗಿ ನೋಡಿ, ಆಯ್ದು, ಸಂಗ್ರಹಿಸಿಟ್ಟುಕೊಂಡು ಬಂದರೆ ಶಾಲೆಯಲ್ಲಿ ಸಂಪರ್ಕ ಕಡಿದರೂ ಪಾಠ ನಿಲ್ಲುವುದಿಲ್ಲ. ಹತ್ತು ನಿಮಿಷ ಎಲ್ಲರೂ ಒಟ್ಟಾಗಿ ನೋಡಿ, ಇಪ್ಪತ್ತು ನಿಮಿಷ ಎಲ್ಲರೂ ಒಟ್ಟಾಗಿ ಮಾತನಾಡಿದರೆ ಅದು ಕಲಿಕೆ. ಮೂವತ್ತು ಮಕ್ಕಳು ಮೂವತ್ತು ಯಂತ್ರಗಳಿಗೆ ತಲೆಬಾಗಿ ಮೌನವಾಗಿ ಕುಳಿತರೆ ಅಲ್ಲಿ ತರಗತಿಯೇ ಇಲ್ಲ.

ಅಂತರ್ಜಾಲವು ಒಳ್ಳೆಯ ಅತಿಥಿ. ಅತಿಥಿಯನ್ನು ಆದರದಿಂದ ಬರಮಾಡಿಕೊಂಡು ದೂರದ ಊರುಗಳ ಸುದ್ದಿ ಕೇಳಬೇಕು. ತಮ್ಮ ಊರಿನ ಸುದ್ದಿಯನ್ನೂ ಅವನೊಡನೆ ಹೇಳಿ ಕಳುಹಿಸಬೇಕು. ಮನೆಯ ಯಜಮಾನಿಕೆಯನ್ನು ಮಾತ್ರ ಅತಿಥಿಗೆ ಒಪ್ಪಿಸಬಾರದು. ನಲ್ಲೂರಿನ ಮಗು ಜಗತ್ತಿನ ಕಾಡುಗಳನ್ನೆಲ್ಲ ತೆರೆಯ ಮೇಲೆ ಕಾಣಲಿ. ಕಂಡ ಮೇಲೆ, ಇಂತಹುದು ತನ್ನ ಊರಿನಲ್ಲಿಯೂ ಒಂದುಂಟು, ಅದರ ಕಥೆ ಅಲ್ಲಿ ಸರಿಯಾಗಿ ಬರೆದಿಲ್ಲ, ಅದನ್ನು ಬರೆಯಬೇಕಾದವರು ಊರಿನವರೇ ಎಂಬ ಅರಿವು ಅದಕ್ಕೆ ಮೂಡಲಿ. ಪ್ರತಿಯೊಂದು ಊರಿನಲ್ಲಿಯೂ ಒಂದು ತೋಪೋ ಕೆರೆಯೋ ಗುಡಿಯೋ ವೀರಗಲ್ಲೋ ಇಂತಹ ಮಗುವಿಗಾಗಿ ಕಾದಿದೆ.